ಜೋಸೆಫಸನ ಬಾಯಿಗೆ ನಮ್ಮ ಮಾತು ತುರುಕುವುದನ್ನು ನಿಲ್ಲಿಸೋಣ



ಈ ತಪಸ್ಸುಕಾಲದಲ್ಲೂ ಅದೇ ಮೆಸೇಜು ನಮ್ಮ ಯುವ ಬಳಗದ ವಾಟ್ಸಾಪ್ ಗುಂಪಿಗೆ ನಾಲ್ಕು ಕಡೆಯಿಂದ ಬಂತು. ಯೇಸುಸ್ವಾಮಿಯನ್ನು ನಂಬದಿದ್ದ ಯೆಹೂದ್ಯ ಇತಿಹಾಸಕಾರ ಜೋಸೆಫಸನೇ ಅವರನ್ನು ಕ್ರಿಸ್ತರೆಂದು ಒಪ್ಪಿಕೊಂಡಿದ್ದಾನೆ, ಮೂರನೆಯ ದಿನ ಅವರು ಜೀವಂತವಾಗಿ ಎದ್ದುಬಂದರೆಂದೂ ಬರೆದಿದ್ದಾನೆ, ಇದಕ್ಕಿಂತ ದೊಡ್ಡ ಪುರಾವೆ ಬೇಕೆ ಎಂಬುದು ಅದರ ಸಾರ. ಕೊನೆಯಲ್ಲಿ ಹತ್ತು ಜನರಿಗೆ ಕಳಿಸಿ ಎಂಬ ಅಪ್ಪಣೆ.

ನಾವು ಕಳಿಸಲಿಲ್ಲ. ಇನ್ನು ಮುಂದೆ ಕಳಿಸುವುದೂ ಇಲ್ಲ. ನೀವೂ ಕಳಿಸಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಬರಹ.

ಬೇರೆಯವರ ತಪ್ಪು ಎತ್ತುವ ಮೊದಲು ನಮ್ಮದನ್ನು ಹೇಳಿಬಿಡುತ್ತೇವೆ. ಎರಡು ವರ್ಷದ ಹಿಂದೆ ಪಾಸ್ಕ ಹಬ್ಬಕ್ಕೆ ದೇವಾಲಯದ ಬಾಗಿಲ ಪಕ್ಕ ಇದೇ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ಚಾರ್ಟ್ ಅಂಟಿಸಿದವರು ನಾವೇ. ಬಳಗದ ಒಬ್ಬ ಹುಡುಗಿ ಅದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡು, ಕಾಲೇಜಿನಲ್ಲಿ ಗೆಳತಿಯರ ನಡುವೆ ಮಾತು ಬಂದಾಗ ಹೆಮ್ಮೆಯಿಂದ ಓದಿದಳು. ಎದುರಿಗಿದ್ದ ಹುಡುಗ ಮೊಬೈಲ್ ತೆಗೆದು ಎರಡು ನಿಮಿಷ ಹುಡುಕಿ, ಇದನ್ನು ನಿಮ್ಮವರೇ ಆಮೇಲೆ ಸೇರಿಸಿದ್ದಂತಲ್ಲ ಎಂದ. ಅವಳ ಬಳಿ ಉತ್ತರ ಇರಲಿಲ್ಲ. ಭಾನುವಾರ ಬಂದು ನಮ್ಮನ್ನು ಕೇಳಿದಳು: "ಅಣ್ಣಾ, ಇದು ಸುಳ್ಳಾದರೆ ಇನ್ನೇನೇನು ಸುಳ್ಳು ಹೇಳಿಕೊಟ್ಟಿದ್ದೀರಿ?"

ಆ ಪ್ರಶ್ನೆಗೆ ತಲೆ ತಗ್ಗಿಸಿ ನಿಂತದ್ದು ನಮಗೆ ಇನ್ನೂ ನೆನಪಿದೆ. ಆಮೇಲೇ ನಾವು ಕೂತು ಓದಿದ್ದು. ಓದಬೇಕಾದದ್ದು ಚಾರ್ಟ್ ಬರೆಯುವ ಮೊದಲು.

ಜೋಸೆಫಸ್ ಹುಟ್ಟಿದ್ದು ಕ್ರಿ.ಶ. 37ರಲ್ಲಿ, ಜೆರುಸಲೇಮಿನ ಯಾಜಕ ಮನೆತನದಲ್ಲಿ. ಹುಟ್ಟುಹೆಸರು ಮತ್ತಥಿಯನ ಮಗ ಯೋಸೇಫ. ಯೇಸುಸ್ವಾಮಿ ಶಿಲುಬೆಗೇರಿದ ಕೆಲವೇ ವರ್ಷಗಳ ನಂತರ ಹುಟ್ಟಿದವನು ಎಂದಮೇಲೆ ಅವನು ಅವರನ್ನು ಕಂಡ ಸಾಕ್ಷಿಯಲ್ಲ. ಈ ಒಂದು ಮಾತೂ ಫಾರ್ವರ್ಡುಗಳಲ್ಲಿ ಇರುವುದಿಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ ಸೆರೆಯಲ್ಲಿದ್ದ ಕೆಲವು ಯಾಜಕರನ್ನು ಬಿಡಿಸಿಕೊಂಡು ಬರಲು ರೋಮ್‌ಗೆ ಹೋದ, ನೀರೋ ಚಕ್ರವರ್ತಿಯ ಹೆಂಡತಿ ಪೊಪ್ಪಿಯಾಳ ನೆರವಿನಿಂದ ಬಿಡಿಸಿಯೂ ಬಿಟ್ಟ. ಹಿಂದಿರುಗುವ ಹೊತ್ತಿಗೆ ಊರಿನಲ್ಲಿ ರೋಮನರ ವಿರುದ್ಧ ದಂಗೆ ಕುದಿಯುತ್ತಿತ್ತು. 66ರಲ್ಲಿ ಯುದ್ಧ ಶುರುವಾಯಿತು. ಗಲಿಲೇಯದ ಹೊಣೆ ಈ ಮೂವತ್ತೂ ದಾಟದ ಯಾಜಕನ ಹೆಗಲಿಗೆ ಬಿತ್ತು.

ಮುಂದಿನದು ಅವನ ಬದುಕಿನ ಅತಿ ಕೆಟ್ಟ ಘಟ್ಟ, ಅದನ್ನು ಬರೆದಿಟ್ಟವನೂ ಅವನೇ. ಯೋತಪಾತ ಎಂಬ ಬೆಟ್ಟದೂರನ್ನು ವೆಸ್ಪಾಸಿಯನ್ನನ ಸೈನ್ಯ 47 ದಿನ ಮುತ್ತಿ ಹಿಡಿಯಿತು. ಜೋಸೆಫಸ್ ಸುಮಾರು ನಲವತ್ತು ಜನರೊಂದಿಗೆ ಒಂದು ಗುಹೆಯಲ್ಲಿ ಅಡಗಿದ. ಶರಣಾಗುವುದಕ್ಕಿಂತ ಸಾಯುವುದೇ ಮೇಲು ಎಂದರು ಉಳಿದವರು. ಆತ್ಮಹತ್ಯೆ ಪಾಪ ಎಂದು ಇವನು ವಾದಿಸಿದ, ಅವರು ಕೇಳಲಿಲ್ಲ. ಕೊನೆಗೆ ಚೀಟಿ ಎತ್ತೋಣ, ಸರದಿಯಂತೆ ಒಬ್ಬರನ್ನೊಬ್ಬರು ಕೊಲ್ಲೋಣ ಎಂಬ ಉಪಾಯ ಇವನದೇ. ಎಲ್ಲ ಸತ್ತು ಇಬ್ಬರು ಉಳಿದರು, ಅವರಲ್ಲೊಬ್ಬ ಜೋಸೆಫಸ್. ದೈವಯೋಗವೋ ಏನೋ ಎಂದು ಅವನೇ ಬರೆಯುತ್ತಾನೆ. ಓದುವವರು ಹುಬ್ಬೇರಿಸುತ್ತಲೇ ಬಂದಿದ್ದಾರೆ. ಸೆರೆಸಿಕ್ಕ ಮೇಲೆ ವೆಸ್ಪಾಸಿಯನ್ನನ ಮುಂದೆ ನಿಂತು, ನೀನು ಚಕ್ರವರ್ತಿಯಾಗುವೆ ಎಂದು ಭವಿಷ್ಯ ನುಡಿದ. 69ರಲ್ಲಿ ಅದು ನಿಜವಾಯಿತು, ಇವನ ಸರಪಳಿ ಕಳಚಿತು.

70ರಲ್ಲಿ ವೆಸ್ಪಾಸಿಯನ್ನನ ಮಗ ತೀತನ ಸೈನ್ಯ ಜೆರುಸಲೇಮನ್ನು ಮುತ್ತಿದಾಗ ಜೋಸೆಫಸ್ ಗೋಡೆಯ ಹೊರಗೆ ರೋಮನರ ಪಕ್ಕ ನಿಂತು, ಒಳಗಿದ್ದ ತನ್ನವರಿಗೆ ಶರಣಾಗಿ ಎಂದು ಕೂಗಿ ಹೇಳುತ್ತಿದ್ದ. ಅವನ ತಂದೆತಾಯಿ ಗೋಡೆಯ ಒಳಗಿದ್ದರು. ಮಹಾದೇವಾಲಯ ಸುಟ್ಟುಹೋದ ಮೇಲೆ ಅವನು ರೋಮ್‌ಗೆ ಹೋಗಿ ಚಕ್ರವರ್ತಿಯ ಹಳೆಯ ಮನೆಯಲ್ಲಿ ವಾಸವಾದ, ಪೌರತ್ವ, ಪಿಂಚಣಿ, ಫ್ಲಾವಿಯಸ್ ಎಂಬ ರಾಜಮನೆತನದ ಹೆಸರು ಎಲ್ಲ ಸಿಕ್ಕಿತು. ಅಲ್ಲಿಯೇ ಏಳು ಸಂಪುಟಗಳ 'ಯೆಹೂದ್ಯ ಯುದ್ಧ' ಬರೆದ. 93-94ರ ಹೊತ್ತಿಗೆ ಇಪ್ಪತ್ತು ಸಂಪುಟಗಳ 'ಯೆಹೂದ್ಯರ ಪ್ರಾಚೀನ ಚರಿತ್ರೆ' ಮುಗಿಸಿದ. ಆಮೇಲೆ ಆತ್ಮಚರಿತ್ರೆ, ಮತ್ತೆ ತನ್ನ ಧರ್ಮವನ್ನು ಹೀಯಾಳಿಸಿದವರಿಗೆ ಉತ್ತರವಾಗಿ 'ಅಪಿಯೋನನ ವಿರುದ್ಧ'.

ಅವನ ಕಡೆಯ ಬರವಣಿಗೆಯೂ ಯೆಹೂದ್ಯ ಧರ್ಮದ ಪರವಾದ ವಾದವೇ. ಇಂಥವನು ಯೇಸುಸ್ವಾಮಿಯನ್ನು ಮೆಸ್ಸೀಯ ಎಂದು ಒಪ್ಪಿ, ಅವರ ಪುನರುತ್ಥಾನವನ್ನು ನಂಬಿ, ಆಮೇಲೆ ಅದರ ಬಗ್ಗೆ ಇನ್ನೊಂದು ಮಾತೂ ಆಡದೆ ತನ್ನ ಪಾಡಿಗೆ ಯೆಹೂದ್ಯನಾಗಿಯೇ ಉಳಿದನೆ?

ಆ ಭಾಗ ಇರುವುದು ಪ್ರಾಚೀನ ಚರಿತ್ರೆಯ ಹದಿನೆಂಟನೆಯ ಸಂಪುಟದಲ್ಲಿ, ಪಿಲಾತನ ಆಡಳಿತದ ಗಲಾಟೆಗಳ ನಡುವೆ. ಈಗ ಸಿಗುವ ಗ್ರೀಕ್ ಪ್ರತಿಗಳೆಲ್ಲದರಲ್ಲೂ ಅದು ಇದೆ, ನಿಜ. ಆದರೆ ಆ ಸಂಪುಟದ ಗ್ರೀಕ್ ಹಸ್ತಪ್ರತಿಗಳಲ್ಲಿ ಅತಿ ಹಳೆಯದೇ 11ನೇ ಶತಮಾನದ್ದು, ಅವೆಲ್ಲ ಕ್ರೈಸ್ತರ ಕೈಬರಹ. ಮೂರನೆಯ ಶತಮಾನದ ನಮ್ಮದೇ ದೊಡ್ಡ ಪಂಡಿತ ಒರಿಜೆನ್ ಜೋಸೆಫಸನನ್ನು ಓದಿದ್ದ. ಓದಿ, ಇವನು ಯೇಸುವನ್ನು ಕ್ರಿಸ್ತರೆಂದು ನಂಬಿದವನಲ್ಲ ಎಂದು ಎರಡು ಕಡೆ ಬರೆದಿದ್ದಾನೆ. ಅವನ ಪ್ರತಿಯಲ್ಲಿ ಈಗಿರುವ ಮಾತೇ ಇದ್ದಿದ್ದರೆ ಹಾಗೆ ಬರೆಯುತ್ತಿದ್ದನೆ? ಈಗಿರುವ ರೂಪದಲ್ಲಿ ಆ ಭಾಗವನ್ನು ಮೊದಲು ಎತ್ತಿ ತೋರಿಸಿದವರು ನಾಲ್ಕನೆಯ ಶತಮಾನದಲ್ಲಿ ಸೆಸರೇಯದ ಧರ್ಮಾಧ್ಯಕ್ಷ ಯುಸೇಬಿಯಸ್. ಸಂತ ಜೆರೋಮರು ಲ್ಯಾಟಿನ್‌ಗೆ ತರುವಾಗ, ಕ್ರಿಸ್ತರಾಗಿದ್ದರು ಎನ್ನುವ ಕಡೆ ಕ್ರಿಸ್ತರೆಂದು ನಂಬಲಾಗಿತ್ತು ಎಂಬರ್ಥದ ಮಾತು ಬಳಸಿದ್ದಾರೆ. ಹತ್ತನೆಯ ಶತಮಾನದ ಅರಬ್ ಕ್ರೈಸ್ತ ಧರ್ಮಾಧ್ಯಕ್ಷ ಅಗಾಪಿಯಸ್ ಕೊಡುವ ರೂಪವೂ ಇಷ್ಟು ಬಿಗಿಯಾಗಿಲ್ಲ. ಅದನ್ನು 1971ರಲ್ಲಿ ವಿದ್ವಾಂಸ ಶ್ಲೋಮೋ ಪಿನೆಸ್ ಎಲ್ಲರ ಗಮನಕ್ಕೆ ತಂದರು.

ನಮ್ಮಲ್ಲಿ ಬಿ.ಎಸ್ಸಿ. ಮಾಡಿದವರಿಗೆ ಪ್ರಾಕ್ಟಿಕಲ್ ರೆಕಾರ್ಡಿನ ಅನುಭವ ಇದ್ದೇ ಇರುತ್ತದೆ. ಲೋಲಕ ಆಡಿಸಿ ಗುರುತ್ವದ ಬೆಲೆ ಕಂಡುಹಿಡಿಯುವಾಗ ನಿಜವಾಗಿ ಅಳೆದವನಿಗೆ 9.6 ಬರುತ್ತದೆ, 10.1 ಬರುತ್ತದೆ. ಪಕ್ಕದವನ ಪುಸ್ತಕ ನೋಡಿ ಬರೆದವನಿಗೆ ಮಾತ್ರ ಪ್ರತಿ ಸಲವೂ 9.8. ಲೆಕ್ಚರರ್ ಕೆಂಪು ಗೆರೆ ಎಳೆಯುವುದು ಯಾವುದಕ್ಕೆ? ಜೋಸೆಫಸನ ಬಾಯಲ್ಲಿ ಬಂದಿರುವ ವಿಶ್ವಾಸಪ್ರಮಾಣವೂ ಇದೇ ಜಾತಿಯ ರೀಡಿಂಗು. ಬೇಕಾದದ್ದಕ್ಕಿಂತ ಹೆಚ್ಚು ಸರಿಯಾಗಿದೆ.

ಹಾಗಾದರೆ ಯಾರೋ ಖೋಟಾ ಮಾಡಲೆಂದೇ ಕೂತರೆ? ಹಾಗೇ ಆಗಬೇಕಿಲ್ಲ. ನಮ್ಮ ಚಾರ್ಟಿನ ಹುಟ್ಟುಕಥೆ ಕೇಳಿ. ಮೂಲ ಮೆಸೇಜು ತೆಲುಗಿನಲ್ಲಿತ್ತು. ನಮ್ಮ ಪೆನುಕೊಂಡದ ಸಂಗತಿ ಗೊತ್ತಲ್ಲ, ಶಾಲೆ ತೆಲುಗು, ಮನೆ ಕನ್ನಡ. ನಮ್ಮಲ್ಲೊಬ್ಬರು ಅದನ್ನು ಕನ್ನಡಕ್ಕೆ ಮಾಡಿ, ಕೆಳಗೆ ತಮ್ಮ ಖುಷಿಗೆ ಒಂದು ಸಾಲು ಸೇರಿಸಿದರು, ಯೆಹೂದ್ಯನ ಹೃದಯವೂ ಕರಗಿತು ನೋಡಿ ಎಂದು. ಅದು ಮಡಕಶಿರ, ಹಿಂದೂಪುರ ಎಲ್ಲ ಸುತ್ತಿಕೊಂಡು ವಾರದ ಮೇಲೆ ನಮ್ಮ ಗುಂಪಿಗೇ ವಾಪಸು ಬಂದಾಗ ಆ ಸಾಲು ಉದ್ಧರಣ ಚಿಹ್ನೆಯ ಒಳಗೆ ಕೂತಿತ್ತು! ಜೋಸೆಫಸನೇ ತನ್ನ ಹೃದಯ ಕರಗಿದ್ದನ್ನು ಹೇಳಿಕೊಂಡಂತೆ. ಮೋಸ ಮಾಡಲು ಯಾರೂ ಹೊರಟಿರಲಿಲ್ಲ. ನಕಲು ಮಾಡಿದವರೆಲ್ಲ ಭಕ್ತರೇ, ಜಪಮಾಲೆ ತಪ್ಪಿಸದವರೇ. ಏಳು ದಿನದಲ್ಲಿ ಮೊಬೈಲಿನಲ್ಲಿ ಹೀಗಾದರೆ, ಅಂಚಿನಲ್ಲಿ ಟಿಪ್ಪಣಿ ಬರೆಯುವ ಅಭ್ಯಾಸವಿದ್ದ ಸನ್ಯಾಸಿಗಳ ಕೈಯಿಂದ ಕೈಗೆ ಸಾವಿರ ವರ್ಷ ದಾಟಿದ ಪುಸ್ತಕದಲ್ಲಿ ಏನಾಗಿರಬಹುದು?

ಇಲ್ಲಿ ಇನ್ನೊಂದು ಗುಂಪಿಗೂ ಒಂದು ಮಾತು. ಒಂದು ಸಾಲು ಸೇರ್ಪಡೆ ಎಂದ ಕೂಡಲೇ, ಹಾಗಾದರೆ ಯೇಸು ಎಂಬವರೇ ಇರಲಿಲ್ಲ ಎಂದು ಕುಣಿಯುವ ಯೂಟ್ಯೂಬ್ ಪಂಡಿತರಿದ್ದಾರೆ. ಇಡೀ ಭಾಗವೇ ಸೇರ್ಪಡೆ ಎನ್ನುವ ವಿದ್ವಾಂಸರೂ ಇದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚಿನವರ ಅಭಿಪ್ರಾಯ ಅದಲ್ಲ. ವಿಶ್ವಾಸದ ಆ ಎರಡು ಮೂರು ಮಾತು ತೆಗೆದಿಟ್ಟರೆ ಉಳಿಯುವುದು ಜೋಸೆಫಸ್ ಬರೆಯಬಹುದಾದಂಥದ್ದೇ: ಯೇಸು ಎಂಬ ಜ್ಞಾನಿಯೊಬ್ಬರಿದ್ದರು, ಬೆರಗಿನ ಕಾರ್ಯಗಳನ್ನು ಮಾಡಿದರು, ಜನರಿಗೆ ಬೋಧಿಸಿದರು, ಮುಖಂಡರ ದೂರಿನ ಮೇಲೆ ಪಿಲಾತ ಶಿಲುಬೆಯ ಶಿಕ್ಷೆ ಕೊಟ್ಟ, ಆದರೂ ಅವರನ್ನು ಪ್ರೀತಿಸಿದವರು ಅವರನ್ನು ಬಿಡಲಿಲ್ಲ, ಅವರ ಹೆಸರಿನ ಪಂಗಡ ಇನ್ನೂ ಅಳಿದಿಲ್ಲ. ಇಷ್ಟೇ. ನಂಬದವನೊಬ್ಬ ಸ್ವಲ್ಪ ದೂರ ನಿಂತು ಹೇಳಿದ ಹಾಗಿದೆ. ನಮಗೆ ಇದು ಕಡಿಮೆ ಎನಿಸಿತೆ?

ಇದಕ್ಕಿಂತ ಗಟ್ಟಿಯಾದದ್ದು ಅದೇ ಪುಸ್ತಕದ ಇಪ್ಪತ್ತನೆಯ ಸಂಪುಟದಲ್ಲಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಕ್ರಿ.ಶ. 62. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಪೌಲರನ್ನು ವಿಚಾರಿಸುವ ರಾಜ್ಯಪಾಲ ಫೆಸ್ತ ತೀರಿಕೊಂಡಿದ್ದಾನೆ. ಮುಂದಿನ ರಾಜ್ಯಪಾಲ ಅಲ್ಬೀನಸ್ ಇನ್ನೂ ದಾರಿಯಲ್ಲಿದ್ದಾನೆ. ಕೇಳುವವರಿಲ್ಲದ ಆ ಸಂದು ನೋಡಿ ಪ್ರಧಾನಯಾಜಕ ಅನ್ನಾಸ್ ನ್ಯಾಯಸಭೆ ಕೂಡಿಸಿ, ಕ್ರಿಸ್ತ ಎನಿಸಿಕೊಂಡ ಯೇಸುವಿನ ಸಹೋದರ ಯಕೋಬನನ್ನೂ ಇನ್ನು ಕೆಲವರನ್ನೂ ಧರ್ಮಶಾಸ್ತ್ರ ಮೀರಿದವರೆಂದು ಕಲ್ಲೆಸೆದು ಕೊಲ್ಲಿಸುತ್ತಾನೆ. ಊರಿನ ನ್ಯಾಯವಂತರು ಇದನ್ನು ಸಹಿಸದೆ ಅಗ್ರಿಪ್ಪ ರಾಜನಿಗೂ ಅಲ್ಬೀನಸನಿಗೂ ದೂರು ಕೊಡುತ್ತಾರೆ. ಮೂರೇ ತಿಂಗಳಲ್ಲಿ ಅನ್ನಾಸನ ಪದವಿ ಹೋಗುತ್ತದೆ.

ಈ ಅನ್ನಾಸ್ ಯಾರು? ಸಂತ ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿಯನ್ನು ಹಿಡಿದು ಮೊದಲು ಕರೆದೊಯ್ಯುವುದು ಇವನ ತಂದೆಯ ಮುಂದೆ. ಅವನ ಹೆಸರೂ ಅನ್ನಾಸ್. ಕಾಯಫ ಆ ಮನೆಯ ಅಳಿಯ. ಅಂದರೆ ಮಾವ, ಅಳಿಯ ಸೇರಿ ಗುರುವನ್ನು ಪಿಲಾತನಿಗೆ ಒಪ್ಪಿಸಿದ ಮೇಲೆ ಸುಮಾರು ಮೂವತ್ತು ವರ್ಷಕ್ಕೆ ಅದೇ ಮನೆಯ ಮಗ ಯಕೋಬರನ್ನು ಕೊಲ್ಲಿಸಿದ್ದಾನೆ. ಜೋಸೆಫಸನಿಗೆ ಆಗ ಇಪ್ಪತ್ತೈದರ ಆಸುಪಾಸು, ನಮ್ಮದೇ ವಯಸ್ಸು. ಅದೇ ಊರಿನ ಯಾಜಕ ಮನೆತನದವನು. ಅವನಿಗೆ ಇದು ಪುರಾಣವಲ್ಲ, ತನ್ನ ಕಾಲದ, ತನ್ನ ಊರಿನ ಸುದ್ದಿ. ಅದರಲ್ಲೂ ಅವನ ಮಾತಿನ ಧಾಟಿ ನೋಡಿ, ಕ್ರಿಸ್ತ ಎನಿಸಿಕೊಂಡ ಎನ್ನುತ್ತಾನೆ. ಸೇರಿಸುವ ಕ್ರೈಸ್ತನಾಗಿದ್ದರೆ ಇಷ್ಟು ತಣ್ಣಗೆ ಬರೆಯುತ್ತಿರಲಿಲ್ಲ. (ಸಹೋದರ ಎಂದ ಕೂಡಲೇ ಕೆಲವರು ಕನ್ಯಾಮರಿಯಮ್ಮನವರ ವಿಚಾರಕ್ಕೆ ಜಗಳ ತೆಗೆಯುತ್ತಾರೆ. ಆ ಪದ ಶುಭಸಂದೇಶದಲ್ಲೇ ಇದೆ, ಜೋಸೆಫಸ್ ತೀರ್ಮಾನ ಮಾಡುವ ವಿಷಯ ಅದಲ್ಲ. ನಮ್ಮ ಮನೆಗಳಲ್ಲಿ ಚಿಕ್ಕಪ್ಪನ ಮಗನೂ ಅಣ್ಣನೇ ತಾನೆ.)

ಸ್ನಾನಿಕ ಯೊವಾನ್ನರ ಬಗ್ಗೆಯೂ ಅವನು ಬರೆದಿದ್ದಾನೆ. ಅದನ್ನು ಓದಿದಾಗ ನಮ್ಮ ನಾಟಕದ ತಂಡಕ್ಕೆ ನಗು ಬಂತು. ಹೆರೋದನ ಮುಂದೆ ಕುಣಿಯುವ ಹುಡುಗಿಯನ್ನು ನಾವು ಸಲೋಮೆ ಎನ್ನುತ್ತೇವಲ್ಲ, ಅವಳಿಗೆ ಆ ಹೆಸರು ಶುಭಸಂದೇಶದಲ್ಲಿ ಇಲ್ಲವೇ ಇಲ್ಲ! ಹೆರೋದಿಯಳ ಮಗಳ ಹೆಸರು ಸಲೋಮೆ ಎಂದು ಕೊಟ್ಟವನು ಜೋಸೆಫಸ್. ಅವನ ಪುಸ್ತಕದಲ್ಲಿ ಕುಣಿತವಿಲ್ಲ, ತಟ್ಟೆಯ ಮೇಲೆ ತಲೆಯೂ ಇಲ್ಲ. ಯೊವಾನ್ನರ ಮಾತಿಗೆ ಜನ ಓಗೊಡುವುದನ್ನು ಕಂಡು ದಂಗೆಯಾದೀತೆಂದು ಹೆದರಿದ ಹೆರೋದ, ಅವರನ್ನು ಮಖೇರಸ್ ಕೋಟೆಗೆ ಕಳಿಸಿ ಕೊಲ್ಲಿಸಿದ ಎನ್ನುತ್ತಾನೆ. ಆಮೇಲೆ ಹೆರೋದನ ಸೈನ್ಯ ಅರೇತ ರಾಜನ ಕೈಯಲ್ಲಿ ನಾಶವಾದಾಗ, ಇದು ಆ ನೀತಿವಂತನನ್ನು ಕೊಂದದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಜನ ಆಡಿಕೊಂಡರಂತೆ. ಶುಭಸಂದೇಶದ ಕಥೆಗೂ ಇದಕ್ಕೂ ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಅಲ್ಲೆಲ್ಲ ಇವನು ನಮ್ಮಿಂದ ನಕಲು ಮಾಡಿಲ್ಲ ಎಂಬುದು ಖಚಿತವಾಗುತ್ತದೆ. ಸಾಕ್ಷಿಗೆ ಬೆಲೆ ಬರುವುದೇ ಅದರಿಂದ.

ಹಾಗೆಂದು ಅವನು ಹೇಳಿದ್ದೆಲ್ಲ ನಂಬತಕ್ಕದ್ದೆ? ಅಲ್ಲ. ಗಲಿಲೇಯಕ್ಕೆ ತಾನು ಹೋದದ್ದು ಯುದ್ಧದ ಸೇನಾನಿಯಾಗಿ ಎಂದು ಒಂದು ಪುಸ್ತಕದಲ್ಲಿ ಹೇಳಿ, ಜನರನ್ನು ಸಮಾಧಾನಪಡಿಸಲು ಎಂಬ ಹಾಗೆ ಆತ್ಮಚರಿತ್ರೆಯಲ್ಲಿ ತಿರುಗಿಸುತ್ತಾನೆ. ಅವನ ಎದುರಾಳಿ ತಿಬೇರಿಯದ ಯುಸ್ತ ಇನ್ನೊಂದು ಚರಿತ್ರೆ ಬರೆದಿದ್ದ. ಅದು ಕಳೆದುಹೋಗಿ ಇವನ ಉತ್ತರ ಮಾತ್ರ ಉಳಿದಿದೆ. ಜೆರುಸಲೇಮಿನ ಮುತ್ತಿಗೆಯಲ್ಲಿ 11 ಲಕ್ಷ ಜನ ಸತ್ತರು ಎನ್ನುತ್ತಾನೆ. ಅಷ್ಟು ಜನ ಆ ಊರಿನಲ್ಲಿ ಹಿಡಿಸುವುದೇ ಕಷ್ಟ ಎನ್ನುತ್ತಾರೆ ಇತಿಹಾಸಕಾರರು. ಮಹಾದೇವಾಲಯ ಸುಡುವುದು ತೀತನಿಗೆ ಇಷ್ಟವಿರಲಿಲ್ಲ ಎಂದು ಬರೆದಿದ್ದಾನೆ. ಬರೆದದ್ದು ತೀತನ ಅಪ್ಪ ಕೊಟ್ಟ ಮನೆಯಲ್ಲಿ ಕೂತು. ಕ್ರೈಸ್ತ ಲೇಖಕ ಸುಲ್ಪೀಸಿಯಸ್ ಸೆವೆರಸ್ ಇದರ ತದ್ವಿರುದ್ಧ ಹೇಳುತ್ತಾನೆ.

ಪೆನುಕೊಂಡದವರಿಗೆ ಇದು ಹೊಸದಾಗಿ ಕಾಣಬಾರದು. 1565ರಲ್ಲಿ ತಾಳಿಕೋಟೆಯಲ್ಲಿ ಸೋತ ಮೇಲೆ ತಿರುಮಲರಾಯ ವಿಜಯನಗರ ಬಿಟ್ಟು ಬಂದು ನಿಂತದ್ದು ನಮ್ಮ ಈ ಬೆಟ್ಟದ ಕೆಳಗೆ. ಆ ಯುದ್ಧದ ಕಥೆಯ ದೊಡ್ಡ ಪಾಲು ನಮಗೆ ಬಂದಿರುವುದು ಬಿಜಾಪುರದ ಆಸ್ಥಾನದಲ್ಲಿ ಕೂತು ಪರ್ಷಿಯನ್‌ನಲ್ಲಿ ಬರೆದ ಫರಿಷ್ತನಿಂದ, ಅಂದರೆ ಗೆದ್ದವರ ಮನೆಯಿಂದ. ಕೃಷ್ಣದೇವರಾಯನ ನಗರದ ವೈಭವ ಗೊತ್ತಾಗುವುದು ಪಾಯೆಸ್ ಎಂಬ ಪೋರ್ಚುಗೀಸನಿಂದ. ರಾಬರ್ಟ್ ಸಿವೆಲ್ 1900ರಲ್ಲಿ ಇವರನ್ನೆಲ್ಲ ಜೋಡಿಸಿ ಪುಸ್ತಕ ಮಾಡಿದಾಗ ಫರಿಷ್ತನನ್ನು ಬಿಸಾಡಲಿಲ್ಲ. ಅವನ ಜೊತೆಗೆ ಶಾಸನಗಳನ್ನೂ ಪರದೇಶಿಗಳ ಬರಹವನ್ನೂ ಇಟ್ಟು ನೋಡಿದರು. ನಮ್ಮೂರಿನ ಇತಿಹಾಸಕ್ಕೆ ಇಷ್ಟು ಎಚ್ಚರ ಬೇಕು, ಯೇಸುಸ್ವಾಮಿಯ ಇತಿಹಾಸಕ್ಕೆ ಬೇಡವೇ?

ಕಲ್ಲು ಜೋಸೆಫಸನ ಪರವಾಗಿಯೂ ಮಾತಾಡಿದೆ. ಮಹಾದೇವಾಲಯದ ಒಳಪ್ರಾಕಾರಕ್ಕೆ ಅನ್ಯಜನರು ಕಾಲಿಡಬಾರದು ಎಂಬ ಎಚ್ಚರಿಕೆಯ ಕಲ್ಲುಗಳಿದ್ದವು ಎಂದು ಅವನು ಬರೆದಿದ್ದ. 1871ರಲ್ಲಿ ಅಂಥ ಗ್ರೀಕ್ ಶಾಸನವೊಂದು ಜೆರುಸಲೇಮಿನಲ್ಲಿ ಸಿಕ್ಕಿತು. ದಾಟಿದವನಿಗೆ ಸಾವು ಎಂದು ಕೆತ್ತಿದೆ. ಪೌಲರು ಗ್ರೀಕರನ್ನು ಒಳಗೆ ತಂದರೆಂಬ ಗುಮಾನಿಗೆ ಜನ ಅವರನ್ನು ಕೊಲ್ಲಲು ಎದ್ದದ್ದು ಯಾಕೆಂದು ಆ ಕಲ್ಲು ನೋಡಿದರೆ ತಿಳಿಯುತ್ತದೆ.

ಇನ್ನೊಂದು ವಿಷಯಕ್ಕೆ ನಮಗೆ ಸಿಟ್ಟೇ ಇದೆ. ಮುತ್ತಿಗೆಯ ಹಸಿವಿನಲ್ಲಿ ತಾಯಿಯೊಬ್ಬಳು ತನ್ನ ಕೂಸನ್ನೇ ಬೇಯಿಸಿ ತಿಂದಳೆಂದು ಜೋಸೆಫಸ್ ಬರೆದದ್ದನ್ನು ಎತ್ತಿಕೊಂಡು, ನೋಡಿ ಯೇಸುವನ್ನು ಕೊಂದವರಿಗೆ ತಕ್ಕ ಶಾಸ್ತಿ ಎಂದು ಪ್ರವಚನದಲ್ಲಿ ಗರ್ಜಿಸುವವರಿದ್ದಾರೆ. ಕೇಳುವವರು ತಲೆಯನ್ನೂ ಆಡಿಸುತ್ತಾರೆ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ 'ನೋಸ್ತ್ರಾ ಎತಾತೆ' ಪ್ರಕಟಣೆಯಲ್ಲಿ ಆ ಕಾಲದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಆ ಮರಣದ ಹೊಣೆ ಹೊರಿಸಕೂಡದು ಎಂದು ಸ್ಪಷ್ಟವಾಗಿ ಹೇಳಿದೆ. ಯೇಸುಸ್ವಾಮಿ ಆ ಊರಿನ ಗತಿ ನೆನೆದು ಅತ್ತರು ಎಂದು ಲೂಕರು ಬರೆದಿದ್ದಾರೆ. ಅವರು ಅತ್ತ ಊರನ್ನು ನೆನೆದು ಹಿಗ್ಗುವುದಕ್ಕೆ ನಮಗೆ ಯಾವ ಹಕ್ಕು?

ಬಳಗದಲ್ಲಿ ಇದನ್ನೆಲ್ಲ ಚರ್ಚಿಸಿದಾಗ ಹಿರಿಯರೊಬ್ಬರು ನೊಂದುಕೊಂಡೇ ಕೇಳಿದರು, "ಯಾಕ್ರಪ್ಪಾ, ಇರೋ ವಿಶ್ವಾಸಾನೂ ಅಲುಗಾಡಿಸ್ತೀರಿ? ಒಳ್ಳೇದಕ್ಕೇ ತಾನೆ ಹೇಳಿದ್ದು, ಇರಲಿ ಬಿಡ್ರಿ." ಅವರ ಕಳಕಳಿ ನಮಗೆ ಅರ್ಥವಾಗುತ್ತದೆ. ಆದರೆ ಅಜ್ಜಾ, ಅಲುಗಾಡಿಸಿದ್ದು ಯಾರು? ಆ ಹುಡುಗಿಗೆ ಮೊದಲೇ ನಿಜ ಹೇಳಿದ್ದರೆ ಕಾಲೇಜಿನಲ್ಲಿ ಅವಳು, ಹೌದು ಅಲ್ಲಿ ಕ್ರೈಸ್ತರ ಕೈ ಆಡಿದೆ, ಬಾ ಯಕೋಬರ ಭಾಗ ತೋರಿಸುತ್ತೇನೆ ಎನ್ನಬಹುದಿತ್ತು. ಅವಳನ್ನು ಬರಿಗೈಯಲ್ಲಿ ಕಳಿಸಿದವರು ನಾವು. ನಮ್ಮ ವಿಶ್ವಾಸ ನಿಂತಿರುವುದು ಪೇತ್ರರ, ಮಗ್ದಲದ ಮರಿಯಳ, ಪೌಲರ ಸಾಕ್ಷ್ಯದ ಮೇಲೆ. ರೋಮ್‌ನಲ್ಲಿ ಪಿಂಚಣಿ ತಿನ್ನುತ್ತಿದ್ದ ಒಬ್ಬನ ಸರ್ಟಿಫಿಕೇಟಿನ ಮೇಲೆ ಅಲ್ಲ.

ಅಷ್ಟಲ್ಲದೆ ಅವನನ್ನು ಸಾಕ್ಷಿಕಟ್ಟೆಗೆ ಕರೆದರೆ ಪಾಟೀಸವಾಲಿಗೂ ಸಿದ್ಧರಿರಬೇಕು. ಕುರೇನಿಯನ ಜನಗಣತಿಯನ್ನು ಅವನು ಕ್ರಿ.ಶ. 6ಕ್ಕೆ ಇಡುತ್ತಾನೆ, ದೊಡ್ಡ ಹೆರೋದ ಸತ್ತು ಸುಮಾರು ಹತ್ತು ವರ್ಷ ಆದಮೇಲೆ. ಲೂಕರ ಶುಭಸಂದೇಶದಲ್ಲಿ ಕ್ರಿಸ್ತಜಯಂತಿಗೆ ನಾವು ಓದುವುದು ಅದೇ ಜನಗಣತಿ. ಥೇದಾಸ ಎಂಬ ದಂಗೆಕೋರನ ಕಾಲದ ಬಗ್ಗೆಯೂ ಅವನಿಗೂ ಪ್ರೇಷಿತರ ಕಾರ್ಯಕಲಾಪಗಳಿಗೂ ಹೊಂದುವುದಿಲ್ಲ. ನಮಗೆ ಅನುಕೂಲವಾದಾಗ ಮಹಾ ಇತಿಹಾಸಕಾರ, ಇಲ್ಲವಾದಾಗ ಯೆಹೂದ್ಯ ದ್ರೋಹಿ ಎನ್ನುವ ಆಟ ಎಷ್ಟು ದಿನ ನಡೆದೀತು?

ಹಳೆಯ ಚಾರ್ಟ್ ಕಿತ್ತಾಯಿತು, ಅಂಟಿನ ಗುರುತು ಗೋಡೆಯ ಮೇಲೆ ಇನ್ನೂ ಇದೆ. ಅದರ ಜಾಗದಲ್ಲಿ ಯಕೋಬರ ಮರಣದ ಚಾರ್ಟ್ ಹಾಕಿದ್ದೇವೆ, ಇಸವಿ, ಸಂಪುಟದ ಸಂಖ್ಯೆ ಸಮೇತ; ಯಾರಾದರೂ ಹುಡುಕಿ ನೋಡಲಿ. ಆ ಹುಡುಗಿಗೆ ಪೂರ್ತಿ ಸಮಾಧಾನವಾಗಿಲ್ಲ. ಕಳೆದ ವಾರ ಕುರೇನಿಯನ ಪ್ರಶ್ನೆ ಎತ್ತಿದವಳೂ ಅವಳೇ. ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಧರ್ಮೋಪದೇಶದ ಕೊಠಡಿಯಲ್ಲಿ ಅದನ್ನೇ ಹಿಡಿದು ಕೂರುತ್ತೇವೆ. ಬೈಬಲ್ ತನ್ನಿ. ಮೊಬೈಲೂ ತನ್ನಿ.